ದಕ್ಷಿಣ ಗೋಡೆಯ ಎರಡು ಕುಂಟುಗಾಲುಗಳು

ಮಾರ್ಚ್ ತಿಂಗಳ ಎರಡನೆಯ ಗುರುವಾರ ಬೆಳಿಗ್ಗೆ ಹೊಳೆದಂಡೆಯ ಚರ್ಚಿನಲ್ಲಿ ಒಂದು ಗಾಜಿನ ಚೂರು ಒಡೆಯಿತು. ಚೂರಿನ ಉದ್ದ ಮೂರು ಅಂಗುಲ, ಅಗಲ ಒಂದು. ಯಾರಿಗೂ ಗಾಯವಾಗಲಿಲ್ಲ.

ಚರ್ಚಿನ ಸಮಿತಿ ಅಂದು ಸಂಜೆಯೇ ತುರ್ತುಸಭೆ ಸೇರಿತು. ಹನ್ನೊಂದು ವರ್ಷಗಳಲ್ಲಿ ಅದು ತುರ್ತಾಗಿ ಸೇರಿದ್ದು ಇದು ಎರಡನೆಯ ಸಲ. ಮೊದಲನೆಯದು ಧ್ವನಿವರ್ಧಕ ಕೆಟ್ಟಾಗ.

ಕ್ರಿಕೆಟ್ ಚೆಂಡು ಬಡಿದಿರಬೇಕೆಂದು ಕೆಲವರು ಹೇಳಿದರು. ಹಲ್ಲಿ ಬಿದ್ದಿರಬೇಕೆಂದು ಒಬ್ಬರು ಹೇಳಿದರು. ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರ್ ಇನ್ನಾಸಪ್ಪನವರು ಎಲ್ಲರ ಮಾತನ್ನೂ ಕೇಳಿ, ಇನ್ನಷ್ಟು ದಪ್ಪದ ಗಾಜು ಹಾಕುವುದೆಂದು ನಿರ್ಣಯ ಬರೆಸಿದರು. ನಿರ್ಣಯಕ್ಕೆ ಸರ್ವಾನುಮತ ದೊರೆಯಿತು.

ಆ ಗಾಜನ್ನು ಅಂಟಿಸಿದ್ದವರು ಸಂದ್ಯಾಗಪ್ಪ ಮೇಸ್ತ್ರಿ. ಎಪ್ಪತ್ತಾರು ವರ್ಷ. ಚರ್ಚನ್ನು ಕಟ್ಟಿದ್ದು ಅವರ ತಾತ, ಒಬ್ಬ ಪರದೇಶದ ಪಾದ್ರಿ ಕಾಗದದ ಮೇಲೆ ಬರೆದುಕೊಟ್ಟ ಹಾಗೆ. ಪಾದ್ರಿ ಅದನ್ನು ಗಾಥಿಕ್ ಎಂದರಂತೆ. ತಾತ ಅದನ್ನು ಚೂಪು ಕಮಾನು ಎಂದರು. ಊರಿಗೆ ಎರಡನೆಯ ಹೆಸರೇ ಉಳಿಯಿತು.

ಗೋಡೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯನ್ನು ಸುಣ್ಣದಲ್ಲಿ ಅಂಟಿಸುವುದು ಹಳೆಯ ಪದ್ಧತಿ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಕಣ್ಣಿಗೆ ಏನೂ ಕಾಣದ ದಿನವೇ ಅದು ಸುದ್ದಿ ಹೇಳುತ್ತದೆ.

ಇದನ್ನು ಸಮಿತಿಗೆ ವಿವರಿಸಲು ಮೇಸ್ತ್ರಿಯವರ ಶಿಷ್ಯ ಚೌರಪ್ಪ ಎರಡು ಸಲ ಎದ್ದು ನಿಂತ. ಎರಡು ಸಲವೂ ಕೂತುಕೊಂಡ. ಗೋಡೆ ಸರಿಯುತ್ತಿದೆ ಎಂದರೆ, ಯಾಕೆ ಸರಿಯುತ್ತಿದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು.

*

ಚೌರಪ್ಪ ಮೇಸ್ತ್ರಿಯ ಬಳಿ ಬಂದು ಒಂಬತ್ತು ವರ್ಷವಾಗಿತ್ತು. ಬಂದದ್ದು ಸುಣ್ಣ ಬಳಿಯಲು. ಮೊದಲ ದಿನ ಚರ್ಚಿನ ನಡುವೆ ನಿಂತು ತಲೆ ಎತ್ತಿದವನು, ಕುಂಚದ ಸುಣ್ಣ ಮೊಣಕೈವರೆಗೆ ಇಳಿದು ಒಣಗಿದರೂ ತಲೆ ಇಳಿಸಲಿಲ್ಲ.

ಮೇಲೆ ಎರಡು ಕಡೆಯ ಕಂಬಗಳಿಂದ ಕಲ್ಲಿನ ಏಣುಗಳು ಹೊರಟು, ಬಾಗಿ, ತುದಿಯಲ್ಲಿ ಒಂದನ್ನೊಂದು ಮುಟ್ಟುತ್ತಿದ್ದವು. ಉದ್ದನೆಯ ಚೂಪು ಕಿಟಕಿಗಳಿಂದ ಕೆಂಪು, ನೀಲಿ ಬೆಳಕು ನೆಲಕ್ಕೆ ಬೀಳುತ್ತಿತ್ತು. ಅಷ್ಟು ಕಲ್ಲು ತಲೆಯ ಮೇಲಿದ್ದರೂ ಏನೂ ಇಲ್ಲದ ಹಾಗಿತ್ತು.

"ಇದನ್ನ ನೋಡಿದ್ರೆ ಯಾಕೆ ಹೀಗಾಗುತ್ತೆ ಮೇಸ್ತ್ರೀ?" ಎಂದು ಅವನು ಕೇಳಿದ.

"ಹೊರಗೆ ಹೋಗು. ಕುಂಟುಗಾಲುಗಳ ಬುಡದಲ್ಲಿ ಆಡಿನ ಹಿಕ್ಕೆ ಬಿದ್ದಿದೆ. ಗುಡಿಸು," ಎಂದರು ಮೇಸ್ತ್ರಿ.

ಚೌರಪ್ಪ ಗುಡಿಸಿದ.

ಕುಂಟುಗಾಲು ಎಂದು ಊರವರು ಕರೆಯುತ್ತಿದ್ದುದು ಚರ್ಚಿನ ಹೊರಗಿನ ಆಸರೆಗೋಡೆಗಳನ್ನು. ಉತ್ತರಕ್ಕೆ ಆರು, ದಕ್ಷಿಣಕ್ಕೆ ಆರು. ಬುಡದಲ್ಲಿ ದಪ್ಪವಾಗಿ, ಮೇಲೆ ಹೋಗುತ್ತ ಸಣ್ಣವಾಗಿ, ಗೋಡೆಗೆ ಒರಗಿದ ಹಾಗೆ ನಿಂತ ಮೊಂಡು ಕಲ್ಲಿನ ರಾಶಿಗಳು. ಅವುಗಳ ನೆರಳಿನಲ್ಲಿ ಆಡುಗಳು ಮಲಗುತ್ತಿದ್ದವು. ಸ್ಕೂಟರ್ ನಿಲ್ಲಿಸುತ್ತಿದ್ದರು. ಒಂದರ ಮೇಲೆ ಯಾರೋ ಟ್ಯೂಷನ್ನಿನ ಜಾಹೀರಾತು ಅಂಟಿಸಿದ್ದರು.

ಚರ್ಚಿನ ಒಳಭಾಗ ಮೂರು ಕ್ಯಾಲೆಂಡರಿನಲ್ಲಿ ಬಂದಿತ್ತು. ಕುಂಟುಗಾಲುಗಳ ಚಿತ್ರ ಯಾರೂ ತೆಗೆದಿರಲಿಲ್ಲ.

ಒಂಬತ್ತು ವರ್ಷದಲ್ಲಿ ಚೌರಪ್ಪ ಸುಣ್ಣ ಅರಳಿಸುವುದು, ಅಳಲೆಕಾಯಿ ಬೆಲ್ಲದ ನೀರು ಬೆರೆಸುವುದು, ಗಾರೆ ಅರೆಯುವುದು ಎಲ್ಲ ಕಲಿತ. ಪ್ರಶ್ನೆಯನ್ನು ಪ್ರತಿವರ್ಷ ಒಂದು ಸಲ ಕೇಳಿದ. ಉತ್ತರ ಬದಲಾಗಲಿಲ್ಲ. ಒಂಬತ್ತನೆಯ ಸಲ ಗುಡಿಸಿ ಮುಗಿಸಿದ ಮೇಲೆ, ಗುರುವಿಗೆ ಉತ್ತರ ಗೊತ್ತಿಲ್ಲವೆಂಬ ತೀರ್ಮಾನಕ್ಕೆ ಬಂದ. ಶಿಷ್ಯರು ಸಾಮಾನ್ಯವಾಗಿ ಇದಕ್ಕಿಂತ ಬೇಗ ಬರುತ್ತಾರೆ.

*

ಜನವರಿಯಲ್ಲಿ ಮೇಸ್ತ್ರಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಗಳ ಊರಿಗೆ ಹೋದರು. ನಲವತ್ತು ದಿನ ಅಲ್ಲೇ ಇದ್ದರು.

ಆ ನಲವತ್ತು ದಿನಗಳಲ್ಲಿ ಚೌರಪ್ಪನಿಗೆ ಒಂದು ಯೋಚನೆ ಬಂತು. ಅದರಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ದೊಡ್ಡ ಹಾನಿಗಳಿಗೆ ಸಾಮಾನ್ಯವಾಗಿ ಇಷ್ಟು ಅರ್ಹತೆ ಇರುತ್ತದೆ.

ದಕ್ಷಿಣದ ಮೂರನೆಯ ಕಿಟಕಿ ಎಲ್ಲಕ್ಕಿಂತ ಚೆಲುವಾದದ್ದು. ಒಳಗಿನವರಿಗೆ ಮಾತ್ರ ಅದರ ಪೂರ್ತಿ ದರ್ಶನ. ಹೊರಗೆ ಅದರ ಎರಡು ಪಕ್ಕಕ್ಕೂ ಕುಂಟುಗಾಲುಗಳು ನಿಂತು ಅರ್ಧ ಮರೆಮಾಡಿದ್ದವು. ಆ ಎರಡನ್ನು ತೆಗೆದರೆ ರಸ್ತೆಯಲ್ಲಿ ಹೋಗುವವನೂ ತಲೆ ಎತ್ತಿ ನೋಡಿಯಾನು ಎಂದು ಚೌರಪ್ಪ ಯೋಚಿಸಿದ. ತನಗೆ ಒಂಬತ್ತು ವರ್ಷದ ಹಿಂದೆ ಆದದ್ದು ಎಲ್ಲರಿಗೂ ಆಗಲಿ ಎಂಬುದಷ್ಟೇ ಅವನ ಆಸೆ.

ಹಾಗೆ ತೆಗೆಯಬಹುದೇ ಎಂದೂ ಅವನು ವಿಚಾರ ಮಾಡಿದ. ಗೋಡೆ ನೆಟ್ಟಗೆ ನಿಂತಿತ್ತು. ಕುಂಟುಗಾಲು ಅದಕ್ಕೆ ಒರಗಿಕೊಂಡಿತ್ತು. ನೆಟ್ಟಗೆ ನಿಂತವನು ಗಟ್ಟಿಗ, ಒರಗಿದವನು ದುರ್ಬಲ. ಇದು ಲೋಕದಲ್ಲಿ ಎಲ್ಲರೂ ಬಲ್ಲ ಮಾತು.

ಸಮಿತಿ ಒಪ್ಪಿತು. ಮದುವೆಯ ಕಾರು ಪಕ್ಕದ ಬಾಗಿಲವರೆಗೆ ಬರಲು ದಾರಿಯೂ ಆಗುತ್ತದೆಂದು ಇನ್ನಾಸಪ್ಪನವರು ಸೇರಿಸಿದರು.

ಚೌರಪ್ಪ ಆರು ದಿನ ಉಳಿ ಸುತ್ತಿಗೆ ಹಿಡಿದು ಕೆಲಸ ಮಾಡಿದ. ಗೋಡೆಗೆ ಒಂದು ಗೀರೂ ಬೀಳದ ಹಾಗೆ ಎರಡು ಕುಂಟುಗಾಲುಗಳನ್ನೂ ಬಿಡಿಸಿ ತೆಗೆದ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಅದಕ್ಕೆ ಮೊದಲು ಮಾಡಿರಲಿಲ್ಲ. ಕಿಟಕಿ ಬುಡದಿಂದ ತುದಿವರೆಗೆ ಕಂಡಿತು. ಜನ ರಸ್ತೆಯಲ್ಲಿ ನಿಂತು ನೋಡಿದರು. ಪಾದ್ರಿ ಸ್ವಾಮಿಗಳು ಭಾನುವಾರದ ಪೂಜೆಯಲ್ಲಿ ಅವನ ಹೆಸರು ಹೇಳಿದರು.

ಮಾರ್ಚ್ ಮೊದಲ ವಾರ ಮೇಸ್ತ್ರಿ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿಳಿದರು. ಚೌರಪ್ಪ ಅವರ ಚೀಲ ಹಿಡಿದು, ಮೊದಲು ಚರ್ಚಿಗೇ ಕರೆತಂದ. ಏನೂ ಹೇಳದೆ ದಕ್ಷಿಣದ ಕಡೆಗೆ ನಡೆಸಿದ. ಅವರು ಏನೆನ್ನುವರೋ ಎಂದು ಮುಖವನ್ನೇ ನೋಡುತ್ತಿದ್ದ.

ಮೇಸ್ತ್ರಿ ಕನ್ನಡಕ ತೆಗೆದರು. ಕುಂಟುಗಾಲುಗಳಿದ್ದ ಕಡೆ ಗೋಡೆಯ ಮೇಲೆ ಉಳಿದ ಎರಡು ಬಿಳಿಯ ಗುರುತುಗಳನ್ನು, ಅವುಗಳ ನಡುವೆ ಹೊಸದಾಗಿ ಎದ್ದಿದ್ದ ಸಣ್ಣ ಬಿರುಕನ್ನು ಅಂಗೈಯಿಂದ ಸವರಿದರು. ಎಷ್ಟು ದಿನವಾಯಿತೆಂದು ಕೇಳಿದರು. ಹತ್ತೊಂಬತ್ತು ಎಂದ ಚೌರಪ್ಪ.

"ಊಟ ಆಯ್ತಾ?" ಎಂದರು ಮೇಸ್ತ್ರಿ.

"ಆಯ್ತು ಮೇಸ್ತ್ರೀ."

"ಹಾಗಾದರೆ ಒಂದು ಗಾಜಿನ ಚೂರು ತಾ."

*

ನಿರ್ಣಯದ ಪ್ರಕಾರ ಹಾಕಿದ ದಪ್ಪ ಗಾಜು ಆರು ದಿನಕ್ಕೆ ಒಡೆಯಿತು. ಮೂರನೆಯದು ಐದು ದಿನಕ್ಕೆ. ಅಷ್ಟರಲ್ಲಿ ಬಿರುಕಿಗೆ ನಾಣ್ಯ ತೂರಿಸಬಹುದಿತ್ತು. ಮೂರನೆಯ ಗಾಜು ಒಡೆದ ದಿನ ಪೂಜೆಯನ್ನು ಶಾಲೆಯ ಕೋಣೆಗೆ ಬದಲಾಯಿಸಿದರು.

ಚೌರಪ್ಪ ಮೇಸ್ತ್ರಿಯ ಕಾಲು ಹಿಡಿದುಕೊಂಡ.

"ಬಯ್ಯಿರಿ ಮೇಸ್ತ್ರೀ. ಹೊಡೀರಿ. ಏನಾದರೂ ಅನ್ನಿ."

"ಏನಂದುಕೊಂಡು ತೆಗೆದೆ?"

"ಅವು ಗೋಡೆಗೆ ಒರಗಿವೆ ಅಂದುಕೊಂಡೆ."

ಮೇಸ್ತ್ರಿ ಕಾಲು ಬಿಡಿಸಿಕೊಂಡು, ಅವನನ್ನು ದಕ್ಷಿಣದ ಗೋಡೆಯ ಹತ್ತಿರ ಕರೆದೊಯ್ದರು. ಬಿಳಿಯ ಗುರುತಿಗೆ ಬೆನ್ನು ಕೊಟ್ಟು, ಕಾಲು ಊರಿ ನಿಲ್ಲಲು ಹೇಳಿದರು.

"ಗೋಡೆ ತಳ್ತಾ ಇದೆಯಾ?"

"ಇಲ್ಲ ಮೇಸ್ತ್ರೀ."

"ನಿಂತಿರು."

ಮೇಸ್ತ್ರಿ ಮನೆಗೆ ಹೋದರು. ಊಟ ಮಾಡಿದರು. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಲಗಿ, ನಾಲ್ಕು ಗಂಟೆಗೆ ಬಂದರು. ಚೌರಪ್ಪ ಅಲ್ಲೇ ನಿಂತಿದ್ದ. ಅವನ ತೊಡೆಗಳು ನಡುಗುತ್ತಿದ್ದವು. ಅಂಗಿ ಬೆನ್ನಿಗೆ ಅಂಟಿತ್ತು.

"ಈಗ?"

"ತಳ್ತಾ ಇದೆ ಮೇಸ್ತ್ರೀ. ತಡಕೊಳ್ಳೋಕೆ ಆಗ್ತಿಲ್ಲ."

"ಬೆಳಿಗ್ಗೆ ಎಷ್ಟು ತಳ್ತಿತ್ತೋ ಈಗಲೂ ಅಷ್ಟೇ," ಎಂದರು ಮೇಸ್ತ್ರಿ. "ನೂರ ಹನ್ನೊಂದು ವರ್ಷ ಆ ಜಾಗದಲ್ಲಿ ಒಬ್ಬ ನಿಂತಿದ್ದ. ನೀನು ಅವನಿಗೆ ರಜೆ ಕೊಟ್ಟೆ."

*

ಮತ್ತೆ ಕಟ್ಟೋಣ ಎಂದು ಚೌರಪ್ಪ ಹೇಳಿದ. ತೆಗೆದ ಕಲ್ಲುಗಳೆಲ್ಲ ಹಿತ್ತಿಲಿನಲ್ಲೇ ಇದ್ದವು. ಒಂದೊಂದರ ಜಾಗವೂ ಅವನಿಗೆ ನೆನಪಿತ್ತು.

ಗಾರೆ ಸರಿಯಾಗಿ ಬಲಿಯಲು ಒಂದು ವರ್ಷ ಬೇಕು, ಮಳೆ ಹಿಡಿಯಲು ಎಪ್ಪತ್ತು ದಿನವಿದೆ ಎಂದು ಮೇಸ್ತ್ರಿ ತಿಳಿಸಿದರು. ಸಿಮೆಂಟಾದರೆ ವಾರದಲ್ಲಿ ಗಟ್ಟಿಯಾಗುತ್ತದಲ್ಲ ಎಂದ ಚೌರಪ್ಪ. ಗಟ್ಟಿಯಾಗುತ್ತದೆ, ಹಳೆಯ ಗೋಡೆಯನ್ನು ಕೂಡುವುದಿಲ್ಲ, ಒಳಗೆ ನೀರು ಹಿಡಿದುಕೊಂಡು ಅದನ್ನು ಇನ್ನೂ ಬೇಗ ಕೊಳೆಸುತ್ತದೆ ಎಂದರು ಮೇಸ್ತ್ರಿ. ಅಲ್ಲಿಗೆ ಆ ಮಾತು ಮುಗಿಯಿತು.

ಇಬ್ಬರೂ ನೀಲಗಿರಿ ಮರದ ಕಂಬಗಳನ್ನು ಗೋಡೆಗೆ ಓರೆಯಾಗಿ ಆನಿಸಿದರು. ಅವುಗಳ ನಡುವೆ ಸುಣ್ಣದ ಗಾರೆಯಲ್ಲಿ ಕುಂಟುಗಾಲುಗಳನ್ನು ಕಟ್ಟತೊಡಗಿದರು. ಮೇಸ್ತ್ರಿಗೆ ಭಾರ ಎತ್ತಬಾರದೆಂದು ಕಣ್ಣಿನ ಡಾಕ್ಟರು ಹೇಳಿದ್ದರು. ಅವರು ಚಿಕ್ಕ ಕಲ್ಲುಗಳನ್ನು ಮಾತ್ರ ಎತ್ತಿದರು.

ಕುಂಟುಗಾಲುಗಳು ಎದೆಯೆತ್ತರ ಬಂದಾಗ ಚೌರಪ್ಪ ಕೇಳಿದ:

"ಇದು ನಿಲ್ಲುತ್ತಾ ಮೇಸ್ತ್ರೀ?"

"ಇಲ್ಲ."

"ಮತ್ತೆ ಯಾಕೆ ಕಟ್ತಾ ಇದ್ದೀವಿ?"

"ಕೆಡವಿದವನು ಕಟ್ಟಬೇಕು. ಕಟ್ಟಿದ್ದು ನಿಲ್ಲಬೇಕು ಅಂತ ಯಾರು ಹೇಳಿದರು? ಕಲ್ಲು ಕೊಡು."

ಚೌರಪ್ಪ ಕಲ್ಲು ಕೊಟ್ಟ. ಆದರೆ ಒಳಗೊಳಗೇ ಅವನು ನಂಬಲಿಲ್ಲ. ಕಟ್ಟಿದ್ದು ನಿಂತೇ ನಿಲ್ಲುತ್ತದೆ, ನಿಂತರೆ ತಾನೂ ತಲೆ ಎತ್ತಬಹುದು ಎಂದುಕೊಂಡ. ದಿನಕ್ಕೆ ಹದಿನಾಲ್ಕು ಗಂಟೆ ದುಡಿದ.

ಅಷ್ಟರಲ್ಲಿ ಚರ್ಚು ಬೀಳಲಿದೆ ಎಂಬ ಸುದ್ದಿ ಹರಡಿತು. ಹತ್ತು ವರ್ಷದಲ್ಲಿ ಬಾರದಷ್ಟು ಜನ ಹತ್ತು ವಾರದಲ್ಲಿ ಬಂದರು. ಸಮಿತಿ ಬಾಗಿಲಿಗೆ ಹಗ್ಗ ಕಟ್ಟಿತು. ಜನ ಹಗ್ಗದ ಕೆಳಗೆ ನುಸುಳಿದರು.

ಎಲ್ಲರೂ ತಲೆ ಎತ್ತಿದರು. ಎಲ್ಲರಿಗೂ ಏನೋ ಆಯಿತು. ಕಾರಣ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳಿದರು. ಎತ್ತರ ಎಂದರು ಕೆಲವರು. ಬೆಳಕು ಎಂದರು ಕೆಲವರು. ಕಾಡಿನಲ್ಲಿ ನಿಂತ ಹಾಗೆ ಎಂದಳು ಒಬ್ಬ ಹುಡುಗಿ. ಮನುಷ್ಯನ ಅಹಂಕಾರ ಇಳಿಸುವ ಶೈಲಿ ಇದು ಎಂದು ಕಾಲೇಜಿನ ಪ್ರೊಫೆಸರರೊಬ್ಬರು ಪತ್ರಿಕೆಯವರ ಮುಂದೆ ಒಂದೂವರೆ ಗಂಟೆ ಮಾತಾಡಿ, ತಮ್ಮ ಹೆಸರನ್ನು ವರದಿಯಲ್ಲಿ ಸರಿಯಾಗಿ ಬರೆಯಬೇಕೆಂದು ಎರಡು ಸಲ ಹೇಳಿ ಹೋದರು.

ಒಂದು ದಿನ ಮದುವೆಗೆ ಮುಂಚಿನ ಫೋಟೊ ತೆಗೆಸಲು ಒಂದು ಜೋಡಿ ಬಂತು. ಅವರಿಗೆ ಮೂರನೆಯ ಕಿಟಕಿಯೇ ಬೇಕಿತ್ತು. ಫೋಟೊಗ್ರಾಫರ್ ಹೊರಗೆ ಬಂದು, ಆ ಮರದ ಕಂಬಗಳು ಅಡ್ಡ ಬರುತ್ತಿವೆ, ಐದು ನಿಮಿಷ ಸರಿಸಲು ಆಗುತ್ತದೆಯೇ ಎಂದು ಬಹಳ ವಿನಯದಿಂದ ಕೇಳಿದ.

"ಇವನನ್ನ ಕೇಳಪ್ಪ," ಎಂದು ಮೇಸ್ತ್ರಿ ಚೌರಪ್ಪನನ್ನು ತೋರಿಸಿದರು. "ಸರಿಸೋ ಕೆಲಸದಲ್ಲಿ ಇವನದು ಒಳ್ಳೆ ಕೈ."

ಚೌರಪ್ಪ ಆ ದಿನ ಊಟ ಮಾಡಲಿಲ್ಲ.

ಸಂಜೆ ಗಾರೆ ಕಲಸುತ್ತ ಅವನು ಹಳೆಯ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿದ. ಇಷ್ಟು ಜನ ಯಾಕೆ ಬರುತ್ತಾರೆ? ಏನು ಸಿಗುತ್ತದೆ ಅವರಿಗೆ ಒಳಗೆ?

"ಒಳಗೆ ನಿಂತರೆ ಲೋಕದಲ್ಲಿ ಭಾರವೇ ಇಲ್ಲ ಅನ್ನಿಸುತ್ತೆ," ಎಂದರು ಮೇಸ್ತ್ರಿ. ಒಂಬತ್ತು ವರ್ಷದಲ್ಲಿ ಅವರು ಕೊಟ್ಟ ಮೊದಲ ನೇರ ಉತ್ತರ ಅದು.

"ಹಾಗಾದರೆ ಆ ಭಾರ ಎಲ್ಲಿಗೆ ಹೋಗುತ್ತೆ?"

ಮೇಸ್ತ್ರಿ ಬಾಂಡಲಿಯ ತುಂಬ ಗಾರೆ ತುಂಬಿ, ಎತ್ತಿ, ಅವನ ತಲೆಯ ಮೇಲಿಟ್ಟರು.

*

ಜೂನ್ ಏಳರಂದು ಮಳೆ ಹಿಡಿಯಿತು. ಆಗ ಎರಡು ಕುಂಟುಗಾಲುಗಳೂ ಕಿಟಕಿಯ ನೆತ್ತಿಯ ಮಟ್ಟಕ್ಕೆ ಬಂದಿದ್ದವು. ಗಾರೆ ಹಸಿಯಾಗಿತ್ತು. ಚೌರಪ್ಪ ಅದರ ಮೇಲೆ ತೆಂಗಿನ ಗರಿ ಹೊದಿಸಿ, ಗರಿಯ ಮೇಲೆ ಟಾರ್ಪಾಲು ಹೊದಿಸಿ, ಟಾರ್ಪಾಲಿನ ಪಕ್ಕದಲ್ಲಿ ಕೊಡೆ ಹಿಡಿದು ಕೂತ.

ಹತ್ತೊಂಬತ್ತರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಒಳಗಿನಿಂದ ಮರಳು ಸುರಿದ ಹಾಗೆ ಸದ್ದಾಯಿತು. ಆಮೇಲೆ ಒಂದು ಕಲ್ಲು ಬಿದ್ದ ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು. ದಕ್ಷಿಣದ ಗೋಡೆಯ ಹೊಟ್ಟೆ ಮೆಲ್ಲಗೆ ಹೊರಗೆ ಬಂತು. ನೀಲಗಿರಿ ಕಂಬವೊಂದು ಸಿಡಿಯಿತು.

ಚೌರಪ್ಪ ಕೊಡೆ ಎಸೆದು ಗೋಡೆಯ ಕಡೆಗೆ ಓಡಿದ. ಓಡುತ್ತಲೇ ತಿರುಗಿ, ಬೆನ್ನು ಕೊಡಲು ಸಿದ್ಧನಾದ.

ಮೇಸ್ತ್ರಿ ಹಿಂದಿನಿಂದ ಅವನ ನಡುವನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಆ ವಯಸ್ಸಿನವರಿಗೆ ಅಷ್ಟು ಓಡಲು ಬಂದದ್ದು ಹೇಗೆಂದು ಆಮೇಲೆ ಯಾರಿಗೂ ತಿಳಿಯಲಿಲ್ಲ. ಇಬ್ಬರೂ ಕೆಸರಿಗೆ ಬಿದ್ದರು.

"ಬಿಡಿ ಮೇಸ್ತ್ರೀ. ಇನ್ನೂ ನಿಂತಿದೆ. ನಾನು ಬೆನ್ನು ಕೊಟ್ಟರೆ ನಿಲ್ಲುತ್ತೆ. ಬಿಡಿ."

"ನೀನು ಅಷ್ಟು ದಪ್ಪ ಇಲ್ಲ ಕಣೋ," ಎಂದರು ಮೇಸ್ತ್ರಿ. ಕೈ ಬಿಡಲಿಲ್ಲ.

ಹಸಿ ಗಾರೆಯ ಕುಂಟುಗಾಲುಗಳು ಗೋಡೆಯನ್ನು ಸ್ವಲ್ಪ ಹೊತ್ತು ತಡೆದವು. ಎಷ್ಟು ಹೊತ್ತು ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಒಂದು ನಿಮಿಷವೆಂದು ಮೇಸ್ತ್ರಿ ಹೇಳುತ್ತಾರೆ. ಅಷ್ಟೂ ಇರಲಿಲ್ಲವೆಂದು ಚೌರಪ್ಪ ಹೇಳುತ್ತಾನೆ. ಆಮೇಲೆ ಕಮಾನುಗಳು ಪೂರ್ವದಿಂದ ಪಶ್ಚಿಮಕ್ಕೆ ಒಂದರ ಹಿಂದೆ ಒಂದು ಇಳಿದವು. ಧೂಳನ್ನು ಮಳೆ ಕೂಡಲೇ ಕೂರಿಸಿತು.

ಪ್ರಾಣಹಾನಿ ಇಲ್ಲ ಎಂದು ಪತ್ರಿಕೆಗಳು ಬರೆದವು.

*

ಹೊಸ ಚರ್ಚು ಹತ್ತೊಂಬತ್ತು ತಿಂಗಳಲ್ಲಿ ಎದ್ದಿತು. ಕಾಂಕ್ರೀಟಿನ ಕಂಬ, ಕಾಂಕ್ರೀಟಿನ ಸಮತಟ್ಟು ಸೂರು. ಉತ್ತರದಲ್ಲಿ ಉಳಿದಿದ್ದ ಆರು ಕುಂಟುಗಾಲುಗಳನ್ನು ವಾಹನ ನಿಲುಗಡೆಗಾಗಿ ತೆಗೆಯಬೇಕಾಯಿತು. ಅವನ್ನು ಕೆಡವಲು ಯಂತ್ರಕ್ಕೆ ಹನ್ನೊಂದು ದಿನ ಹಿಡಿಯಿತು.

ಸಮತಟ್ಟು ಸೂರನ್ನು ಜನ ಒಪ್ಪಲಿಲ್ಲ. ನಮಗೆ ಹಳೆಯದರ ಹಾಗೆಯೇ ಚೂಪು ಕಮಾನು ಬೇಕು, ಅದಿಲ್ಲದೆ ಚರ್ಚಿಗೆ ಬಂದ ಹಾಗೆ ಆಗುವುದಿಲ್ಲ ಎಂದು ನಾಲ್ಕು ನೂರು ಮಂದಿ ಸಹಿ ಹಾಕಿ ಕೊಟ್ಟರು. ಸಹಿ ಹಾಕಿದವರಲ್ಲಿ ಅನೇಕರು ಹಳೆಯ ಚರ್ಚಿಗೆ ಬಂದದ್ದು ಅದು ಬೀಳುವ ಸುದ್ದಿ ಬಂದ ಮೇಲೆ. ಸಮಿತಿ ಅದನ್ನು ಅಳವಡಿಸಲು ಒಪ್ಪಿತು.

ಕಮಾನಿನ ಬಾಗು ಬರೆಯುವ ಕ್ರಮ ಈಗ ಇಬ್ಬರಿಗೆ ಮಾತ್ರ ಗೊತ್ತಿತ್ತು. ಎರಡು ಮೊಳೆ ಹೊಡೆದು, ಒಂದೊಂದರಿಂದ ದಾರ ಎಳೆದು, ಎರಡು ಗೆರೆ ಕೂಡುವವರೆಗೆ ಬರೆಯಬೇಕು. ಇನ್ನಾಸಪ್ಪನವರು ಮೇಸ್ತ್ರಿಯ ಮನೆಗೆ ಬಂದು ಕೇಳಿದರು. ಕಣ್ಣು ಸರಿಯಿಲ್ಲವೆಂದು ಹೇಳಿದ ಮೇಸ್ತ್ರಿ, ಚೌರಪ್ಪನನ್ನು ಕಳಿಸಿದರು. ಚೌರಪ್ಪ ಬರೆದುಕೊಟ್ಟು ಬಂದ. ಅವನು ಆಗ ಪೇಟೆಯಲ್ಲಿ ಗ್ರಾನೈಟ್ ಕತ್ತರಿಸುವ ಕೆಲಸಕ್ಕೆ ಸೇರಿದ್ದ.

ಉದ್ಘಾಟನೆಯ ದಿನ ಮೇಸ್ತ್ರಿಗೆ ಶಾಲು ಹೊದಿಸಿದರು. ಕಲೆ ಅಳಿಯುವುದಿಲ್ಲ ಎಂದು ಅತಿಥಿಗಳು ಹೇಳಿದರು. ಅನಂತರ ದೀಪಗಳನ್ನು ಹಾಕಿದರು.

ಜನ ತಲೆ ಎತ್ತಿದರು. ಮೇಲೆ ಬಿಳಿಯ ಏಣುಗಳು ಎರಡು ಕಡೆಯಿಂದ ಹೊರಟು, ಬಾಗಿ, ತುದಿಯಲ್ಲಿ ಕೂಡಿದ್ದವು. ಕಲ್ಲಿನ ಸಂದುಗಳನ್ನು ಬೂದುಬಣ್ಣದಲ್ಲಿ ಬರೆದಿದ್ದರು. ಗುಂಪಿನಲ್ಲಿ ಉಸಿರು ಎಳೆದುಕೊಂಡ ಸದ್ದಾಯಿತು. ಥೇಟ್ ಹಳೆಯದೇ ಎಂದರು. ಮುಂದಿನ ಬೆಂಚಿನಲ್ಲಿದ್ದ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೇಸ್ತ್ರಿಯ ಹಿಂದೆ ನಿಂತಿದ್ದ ಚೌರಪ್ಪ ನೋಡಬಾರದೆಂದು ನೆಲ ನೋಡುತ್ತಿದ್ದ. ಕಡೆಗೆ ನೋಡಿದ.

ಅವನಿಗೆ ಹನ್ನೊಂದು ವರ್ಷದ ಹಿಂದೆ ಕುಂಚ ಹಿಡಿದು ನಿಂತಾಗ ಆದದ್ದೇ, ಅಷ್ಟೇ, ಒಂದಿಷ್ಟೂ ಕಡಿಮೆಯಿಲ್ಲದೆ ಆಯಿತು. ಚರ್ಚು ಬಿದ್ದದ್ದನ್ನು ಅವನು ಹೇಗೋ ಸಹಿಸಿದ್ದ. ಇದನ್ನು ಸಹಿಸಲಾಗಲಿಲ್ಲ. ಬಗ್ಗಿ ಮೇಸ್ತ್ರಿಯ ಕಿವಿಯ ಹತ್ತಿರ ಬಾಯಿ ತಂದ.

"ಮೇಸ್ತ್ರೀ, ಇದನ್ನ ನೋಡಿದರೂ ಹಾಗೇ ಆಗುತ್ತಲ್ಲ. ಹೊರಗೆ ಒಂದು ಕುಂಟುಗಾಲೂ ಇಲ್ಲ. ಇದರ ಭಾರ ಯಾರು ಹೊತ್ತಿದ್ದಾರೆ?"

ಮೇಸ್ತ್ರಿ ಶಾಲನ್ನು ಮಡಿಲಿಗೆ ಇಳಿಸಿಕೊಂಡು, ಪೊರೆ ತೆಗೆಸಿದ ಕಣ್ಣಿನಿಂದ ಮೇಲೆ ನೋಡಿದರು.

"ಇದಕ್ಕೆ ಭಾರ ಇಲ್ಲ ಕಣಪ್ಪ," ಎಂದರು. "ಬರೀ ಪ್ಲಾಸ್ಟರು. ತಂತಿ ಕಟ್ಟಿ ಸೂರಿಂದ ನೇತುಹಾಕಿದ್ದಾರೆ."